ಅಳಿಸಿಹೋಗುವ ಮುನ್ನ ಆ ಕರೆಯನ್ನು ಅವರಿಗೆ ಕೇಳಿಸಿ

ನಗರದ ತುರ್ತು ಕರೆ ಕೇಂದ್ರದ ಮಾನ್ಯ ನಿರ್ದೇಶಕರೇ,

ಒಬ್ಬ ಮನುಷ್ಯನ ಕೊನೆಯ ಮಾತು ನಿಮ್ಮ ಕಚೇರಿಯ ಯಂತ್ರವೊಂದರಲ್ಲಿ ಕೂತಿದೆ. ಇದೆ ಎಂದು ನಾನು ನಂಬಿದ್ದೇನೆ. ಅದನ್ನು ಅವನ ಹೆಂಡತಿಗೆ ಒಂದು ಸಲ ಕೇಳಿಸಿ ಎಂದು ಬೇಡಿಕೊಂಡದ್ದಕ್ಕೆ ತಾವು ಮೂರು ಸಲ, ಮೂರು ಬೇರೆ ಬೇರೆ ಕಾರಣ ಕೊಟ್ಟು, ಆಗುವುದಿಲ್ಲ ಎಂದಿದ್ದೀರಿ. ಈ ತಿಂಗಳು ಕಳೆದರೆ ಆ ಧ್ವನಿಮುದ್ರಣ ನಿಯಮದ ಪ್ರಕಾರ ತಾನಾಗಿಯೇ ಅಳಿಸಿಹೋಗುತ್ತದೆ. ಆಮೇಲೆ ತಮಗೆ ಹೊಸ ಕಾರಣ ಹುಡುಕುವ ತೊಂದರೆಯೂ ಇರುವುದಿಲ್ಲ. ಕಚೇರಿಯ ಮೂಲಕ ನಾನು ಬರೆದ ಪತ್ರಗಳೆಲ್ಲ ತಮ್ಮ ಮೇಜಿಗೆ ಬರುವ ದಾರಿಯಲ್ಲಿ ಸುಸ್ತಾಗಿ ಎಲ್ಲೋ ಮಲಗಿಬಿಟ್ಟಂತಿದೆ. ಆದ್ದರಿಂದ ಈ ಪತ್ರವನ್ನು ಊರೆಲ್ಲ ಓದುವ ಪತ್ರಿಕೆಗೆ ಕಳುಹಿಸುತ್ತಿದ್ದೇನೆ. ತಾವು ಬೆಳಿಗ್ಗೆ ಪತ್ರಿಕೆ ಓದುತ್ತೀರಿ ಎಂಬುದು ಇಡೀ ಕಚೇರಿಗೆ ಗೊತ್ತು. ಆ ಹೊತ್ತಿನಲ್ಲಿ ತಮ್ಮ ಕೋಣೆಗೆ ಯಾರನ್ನೂ ಬಿಡುವುದಿಲ್ಲ.

ನಾನು ಯಾರೆಂದು ತಮಗೆ ನೆನಪಿರಲಾರದು. ಎರಡನೆಯ ಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ, ಹಿಂದಿನ ಸಾಲಿನ ಮೂಲೆಯ ಕುರ್ಚಿಯಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಹತ್ತು ವರ್ಷಕ್ಕೂ ಮೇಲ್ಪಟ್ಟು ಕೂತವಳು. ಈ ಊರಿನಲ್ಲಿ ಯಾರಿಗಾದರೂ ಎದೆ ಹಿಡಿದುಕೊಂಡರೆ, ಅಡುಗೆಮನೆಗೆ ಬೆಂಕಿ ಹತ್ತಿದರೆ, ಮಗು ಗುಂಡಿ ನುಂಗಿದರೆ ಮೊದಲು ಕೇಳಿಸುವುದು ನನ್ನಂಥವಳ ದನಿ: "ತುರ್ತು ಸೇವೆ, ಎಲ್ಲಿಂದ ಮಾತಾಡ್ತಿದ್ದೀರಿ?" ಜಾಗ ಕೇಳಿಕೊಳ್ಳಬೇಕು, ಗಾಡಿ ಕಳಿಸಬೇಕು, ಗಾಡಿ ಮುಟ್ಟುವ ತನಕ ಆ ಕಡೆಯವರ ಕೈಕಾಲು ಆಡುವಂತೆ ನೋಡಿಕೊಳ್ಳಬೇಕು. ಗಾಡಿ ಮುಟ್ಟಿತೋ, ಕರೆ ಮುಗಿಯಿತು. ಪರದೆಯ ಮೇಲೆ 'ಮುಕ್ತಾಯ' ಎಂದು ಬರುತ್ತದೆ. ಮುಕ್ತಾಯವಾದ ಕರೆಯ ಬಗ್ಗೆ ಮತ್ತೆ ವಿಚಾರಿಸಬಾರದು ಎಂಬುದು ತಾವು ಬಂದ ಮೇಲೆ ಹೊರಡಿಸಿದ ಸುತ್ತೋಲೆ. ನೌಕರರ ಮನಸ್ಸಿನ ನೆಮ್ಮದಿಗಾಗಿ ಈ ಕ್ರಮ ಎಂದು ಅದರಲ್ಲಿ ಬರೆದಿತ್ತು. ನಮ್ಮ ನೆಮ್ಮದಿಯ ಬಗ್ಗೆ ತಮಗಿರುವ ಕಾಳಜಿಗೆ ಏನೆಂದು ಹೇಳಲಿ? ಅವತ್ತಿನಿಂದ ನಮ್ಮಲ್ಲಿ ಒಬ್ಬರಿಗೂ ಸರಿಯಾಗಿ ನಿದ್ದೆಯಿಲ್ಲ.

ನಮ್ಮ ಅಮ್ಮ ನನ್ನ ಜೊತೆಗೇ ಇರುತ್ತಾಳೆ. ಕೆಲಸ ಮುಗಿಸಿ ಮನೆಗೆ ಹೋದರೆ, ಚಪ್ಪಲಿ ಬಿಡುವ ಮೊದಲೇ "ಇವತ್ತು ಯಾರಿಗೆ ಏನಾಯ್ತೇ?" ಎಂದು ಶುರುಮಾಡುತ್ತಾಳೆ. ಮೊದಮೊದಲು ಹೇಳುತ್ತಿದ್ದೆ. ಒಬ್ಬರಿಗೆ ಬಸ್ಸಿನಲ್ಲೇ ಹೆರಿಗೆ ನೋವು ಬಂತಮ್ಮ, ಕಂಡಕ್ಟರ್ ಫೋನ್ ಮಾಡಿದ್ದ. "ಅಯ್ಯೋ, ಆಮೇಲೆ?" ಗಾಡಿ ಕಳಿಸಿದೆ. "ಆಮೇಲೆ? ಗಂಡೋ ಹೆಣ್ಣೋ?" ಗೊತ್ತಿಲ್ಲ. "ತಾಯಿ ಚೆನ್ನಾಗಿದ್ದಾಳಾ?" ಗೊತ್ತಿಲ್ಲ. ಅಮ್ಮ ಸಿಟ್ಟಿನಿಂದ ಲೋಟ ಕುಕ್ಕಿ, "ಅರ್ಧಕ್ಕೇ ಬಿಡೋದಾದ್ರೆ ಶುರು ಯಾಕೆ ಮಾಡ್ತೀಯ?" ಎನ್ನುತ್ತಿದ್ದಳು. ಅವಳು ಬೈಯಬೇಕಾದದ್ದು ನನ್ನನ್ನಲ್ಲ, ತಮ್ಮನ್ನು. ಆದರೆ ತಾವು ನಮ್ಮ ಮನೆಗೆ ಬರುವುದಿಲ್ಲವಲ್ಲ.

ಇನ್ನು ಆ ಕರೆಯ ವಿಷಯ. ಮಧ್ಯಾಹ್ನದ ಊಟ ಮುಗಿದು ಎಲ್ಲರ ಕಣ್ಣೂ ಸ್ವಲ್ಪ ಭಾರವಾಗಿದ್ದ ಹೊತ್ತು. ಒಬ್ಬ ಗಂಡಸು, ದನಿಯಿಂದ ಹೇಳುವುದಾದರೆ ಮೂವತ್ತರ ಒಳಗಿನವನು, ಏದುಸಿರು ಬಿಡುತ್ತಿದ್ದ.

"ಮೇಡಂ, ಬೇಗ ಗಾಡಿ ಕಳ್ಸಿ. ನಮ್ಮ ಭಾವ ಟ್ಯಾಂಕ್ ಒಳಗೆ ಬಿದ್ದುಬಿಟ್ಟಿದ್ದಾರೆ."

ಜಾಗ ಹೇಳಿದ. ನಾಲ್ಕು ಮಹಡಿಯ ವಸತಿ ಕಟ್ಟಡ, ಅದರ ಅಂಗಳದಲ್ಲಿ ನೆಲದಡಿಯ ನೀರಿನ ಟ್ಯಾಂಕು. ಮಾತಾಡುತ್ತಲೇ ಅಗ್ನಿಶಾಮಕ ಗಾಡಿಯನ್ನೂ ಆಂಬುಲೆನ್ಸನ್ನೂ ಹೊರಡಿಸಿದೆ.

"ಒಳಗೆ ನೀರಿದೆಯಾ?"

"ನೀರಿಲ್ಲ. ಸೋರಬಾರದು ಅಂತ ನಿನ್ನೆ ಒಳಗೆಲ್ಲ ಬಣ್ಣ ಹೊಡೆದು ಮುಚ್ಚಳ ಹಾಕಿದ್ವಿ. ನಾವಿಬ್ರೂ ಟ್ಯಾಂಕ್ ಕ್ಲೀನ್ ಮಾಡೋರು. ಒಣಗಿದೆಯಾ ನೋಡ್ತೀನಿ ಅಂತ ಭಾವ ಇಳಿದ್ರು. ಏಣಿ ಮೇಲಿದ್ದ ಹಾಗೇ ಕೈಬಿಟ್ಟುಬಿಟ್ರು. ಗೋಡೆಗೆ ಒರಗಿ ಕೂತಿದ್ದಾರೆ, ಕರೆದ್ರೆ ತಲೆ ಎತ್ತುತಾ ಇಲ್ಲ. ನಾನು ಇಳೀತೀನಿ."

"ಇಳೀಬೇಡಿ."

"ಏನು?"

"ಇಳೀಬೇಡಿ. ಬಣ್ಣದ ವಾಸನೆ ಒಳಗೇ ತುಂಬ್ಕೊಂಡಿದೆ, ಉಸಿರಾಡೋಕೆ ಗಾಳಿ ಇಲ್ಲ. ನೀವು ಇಳಿದ್ರೆ ನೀವೂ ಅಲ್ಲೇ ಬೀಳ್ತೀರಿ. ಗಾಡಿ ಹೊರಟಾಗಿದೆ, ಅವರ ಹತ್ರ ಮುಖಕ್ಕೆ ಹಾಕೋ ಸಿಲಿಂಡರ್ ಇರುತ್ತೆ. ಅವರೇ ಇಳೀತಾರೆ."

"ಕಣ್ಣೆದುರಿಗೇ ಕೂತಿದ್ದಾರೆ ಮೇಡಂ! ಕೈ ಚಾಚಿದ್ರೆ ಸಿಗೋ ಹಾಗಿದ್ದಾರೆ!"

"ಸಿಗಲ್ಲ. ನನ್ನ ಮಾತು ಕೇಳಿ. ಹಗ್ಗ ಇದೆಯಾ ಅಲ್ಲಿ?"

"ನಿಮ್ಮ ಗಂಡ ಬಿದ್ದಿದ್ರೂ ಹೀಗೇ ಹೇಳ್ತಿದ್ರಾ?"

"ಹೇಳ್ತಿದ್ದೆ" ಎಂದೆ. ಹೇಳುತ್ತಿದ್ದೆನೇ? ಮನೆಯಲ್ಲಿ ನಮ್ಮೆಜಮಾನರು ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆಯುವುದನ್ನು ನೋಡುವಾಗೆಲ್ಲ ಆ ಪ್ರಶ್ನೆ ಬಂದು ಎದೆಗೆ ಒತ್ತುತ್ತದೆ. ಅವತ್ತು ಯೋಚಿಸಲು ಪುರುಸೊತ್ತಿರಲಿಲ್ಲ. ಹಗ್ಗ ಇತ್ತು. ಕೆಳಗೆ ಬಿಡಿಸಿದೆ. ಅವನು ಕೂಗತೊಡಗಿದ. "ಭಾವಾ! ಹಗ್ಗ ಹಿಡ್ಕೊಳ್ಳಿ ಭಾವಾ! ಇಲ್ಲಿ, ಕೈ ಹತ್ರಾನೇ ಇದೆ, ಹಿಡ್ಕೊಳ್ಳಿ!" ಕೂಗಿ ಕೂಗಿ ಉಸಿರೆಳೆದುಕೊಳ್ಳಲು ನಿಂತ. ಆ ಒಂದು ಗಳಿಗೆಯಲ್ಲಿ, ಮಾನ್ಯರೇ, ನನ್ನ ಕಿವಿಗೆ ಇನ್ನೊಂದು ದನಿ ಬಿತ್ತು. ಬಾವಿಯ ಆಳದಿಂದ ಬಂದಂತೆ, ನಿದ್ದೆಗಣ್ಣಿನವರು ಮಾತಾಡಿದಂತೆ: "ನೀ ಬರಬೇಡ."

"ಏನಂದ್ರು ಅವರು?" ಎಂದು ಕೇಳಿದೆ.

"ಯಾರು? ಏನೂ ಅನ್ಲಿಲ್ಲ! ಎಲ್ಲಿ ನಿಮ್ಮ ಗಾಡಿ?"

ಗಾಡಿಯ ಗುರುತು ನನ್ನ ಪರದೆಯ ನಕ್ಷೆಯಲ್ಲಿ ಒಂದು ತಿರುವಿನಲ್ಲಿ ನಿಂತುಬಿಟ್ಟಿತ್ತು. ರಸ್ತೆ ಅಗೆದಿದ್ದರು. ನಗರಾಡಳಿತ ರಸ್ತೆ ಅಗೆದಿದ್ದು ನಗರಾಡಳಿತದ ತುರ್ತು ಗಾಡಿಗೆ ಗೊತ್ತಿರಲಿಲ್ಲ. ಇದರ ಬಗ್ಗೆ ಆಮೇಲೆ ಹೇಳುತ್ತೇನೆ. ಬರ್ತಿದೆ, ಬರ್ತಿದೆ ಎನ್ನುತ್ತಾ ನಾನು ಅವನನ್ನು ಮಾತಿನಲ್ಲೇ ಕಟ್ಟಿಹಾಕಿ ಹಿಡಿದಿದ್ದೆ. ಅವನು ಅಳುತ್ತಿದ್ದ. ಬೈಯುತ್ತಿದ್ದ. ಬೈಯಲಿ ಎಂದೇ ನನಗೂ ಅನ್ನಿಸಿತು, ಬೈಯುವವನು ಇಳಿಯುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ದನಿ ತಗ್ಗಿಸಿ ಕೇಳಿದ:

"ನಮ್ಮಕ್ಕನಿಗೆ ನಾನೇನು ಹೇಳ್ಲಿ? ಮೇಲೆ ನಿಂತು ನೋಡ್ತಾ ಇದ್ದೆ ಅಂತ ಹೇಳ್ಲಾ? ನೀವು ಬಂದು ಹೇಳ್ತೀರಾ?"

"ಬಂದು ಹೇಳ್ತೀನಿ. ನಾನೇ ಇಳೀಬೇಡಿ ಅಂದೆ ಅಂತ ಹೇಳ್ತೀನಿ."

"ಸಾಕು ಮೇಡಂ" ಎಂದ. ಏನೋ ಬಡಿದ ಸದ್ದಾಯಿತು. ಫೋನು ಸತ್ತಿತು.

ನಾನು ತಿರುಗಿ ಮಾಡಿದೆ. ಹೋಗಲಿಲ್ಲ. ಮತ್ತೆ ಮಾಡಿದೆ. ಅಷ್ಟರಲ್ಲಿ ಗಾಡಿ ಆ ಜಾಗಕ್ಕೆ ಮುಟ್ಟಿತೆಂದು ಪರದೆ ಹೇಳಿತು, 'ಮುಕ್ತಾಯ' ಎಂದಿತು, ಮತ್ತು ಮುಂದಿನ ಕರೆಯನ್ನು ನನ್ನ ಕಿವಿಗೆ ತುರುಕಿತು. ಮೇಲಿನ ಮನೆಯವರು ಬೇಕೆಂತಲೇ ಕುರ್ಚಿ ಎಳೆದಾಡುತ್ತಾರೆ, ಪೊಲೀಸರನ್ನು ಕಳಿಸಿ ಎಂದು ಒಬ್ಬ ಯಜಮಾನರು. ಅವರ ವಿಳಾಸ ಬರೆದುಕೊಂಡೆ. ಆ ಹುಡುಗ ಇಳಿದನೇ? ಬಡಿದದ್ದು ಫೋನೋ, ಅವನೋ?

ಅವತ್ತು ಸಂಜೆ ಮೇಲ್ವಿಚಾರಕರನ್ನು ಕೇಳಿದೆ. ಅವರು ಒಳ್ಳೆಯವರೇ. ಆಚೀಚೆ ನೋಡಿ, "ಕರೆ ಮುಗೀತಲ್ಲಮ್ಮ, ಬಿಟ್ಟುಬಿಡು" ಎಂದರು. "ಸತ್ತಿದ್ದು ಒಬ್ಬರಾ ಇಬ್ಬರಾ ಅಂತ ಅಷ್ಟೇ ಹೇಳಿ ಸಾರ್" ಎಂದೆ. "ಸುತ್ತೋಲೆ ಗೊತ್ತಲ್ಲ" ಎಂದು ಎದ್ದುಹೋದರು. ಮರುದಿನ ಕೇಳಿದೆ, ಅದರ ಮರುದಿನ ಕೇಳಿದೆ. ಪತ್ರಿಕೆಗಳಲ್ಲಿ ಹುಡುಕಿದೆ. ಎಷ್ಟೋ ದಿನ ಊಟದ ತಟ್ಟೆಯ ಮುಂದೆ ಕೂತರೆ ತುತ್ತು ಕೈಯಲ್ಲೇ ಒಣಗುತ್ತಿತ್ತು. ಬರಬೇಡ ಎಂದು ಕೇಳಿಸಿದ್ದು ನಿಜವೇ, ನನ್ನ ಮನಸ್ಸು ತನ್ನ ಸಮಾಧಾನಕ್ಕೆ ಕಟ್ಟಿಕೊಂಡದ್ದೇ? ಮೊದಲ ದಿನ ಅನುಮಾನವೇ ಇರಲಿಲ್ಲ. ಸಾವಿರ ಸಲ ನೆನೆದುಕೊಂಡ ಮೇಲೆ ಆ ದನಿ, ಉಜ್ಜಿ ಉಜ್ಜಿ ಅಕ್ಷರ ಮಾಸಿದ ನಾಣ್ಯದಂತಾಯಿತು. ಹತ್ತು ವರ್ಷ ಕಿವಿಯನ್ನೇ ನಂಬಿ ಬದುಕಿದವಳಿಗೆ ಕಿವಿಯ ಮೇಲೇ ನಂಬಿಕೆ ಹೋದರೆ ಏನಾಗುತ್ತದೆ ಎಂದು ತಮ್ಮ ಸುತ್ತೋಲೆ ಬರೆದವರಿಗೆ ಹೊಳೆದಿತ್ತೇ?

ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೆ. ಕೊನೆಗೊಂದು ರಜೆಯ ದಿನ ಆ ಕಟ್ಟಡಕ್ಕೆ ಹೋದೆ. ಟ್ಯಾಂಕಿನ ಮೇಲೆ ಹೊಸ ಕಬ್ಬಿಣದ ಮುಚ್ಚಳ, ಅದರ ಮೇಲೆ ಯಾರೋ ಹೂಕುಂಡ ಇಟ್ಟಿದ್ದರು. ಕಾವಲುಗಾರ ಬಿಸಿಲಿಗೆ ಕೊಡೆ ಹಿಡಿದು ಕೂತಿದ್ದ.

"ಒಬ್ರು ಹೋದ್ರಮ್ಮ" ಎಂದ.

"ಒಬ್ಬರೇನಾ?"

"ಒಬ್ಬರೇ. ದೊಡ್ಡವರು. ಇನ್ನೊಬ್ಬ ಟ್ಯಾಂಕ್ ಬಾಯಿ ಹತ್ರಾನೇ ಕೂತಿದ್ದ, ಗಾಡಿಯೋರು ಬಂದು ಪಕ್ಕಕ್ಕೆ ಎಳೆದ್ರು."

ನನ್ನ ಜೀವ ಮರಳಿ ಬಂದಂತಾಯಿತು. ಮರುಕ್ಷಣವೇ, ಒಬ್ಬ ಸತ್ತ ಸುದ್ದಿ ಕೇಳಿ ಹಗುರಾಗುತ್ತೀಯಲ್ಲ ಎಂದು ನನ್ನ ಮೇಲೇ ಹೇಸಿಗೆಯಾಯಿತು. ಎರಡೂ ಒಟ್ಟಿಗೇ ಆಗುತ್ತದೆ, ಮಾನ್ಯರೇ. ಅದಕ್ಕೆ ಯಾವ ಸುತ್ತೋಲೆಯೂ ಅಡ್ಡ ಬರಲಾರದು.

ಸತ್ತವನ ಹೆಂಡತಿಯ ಮನೆಯನ್ನು ಕಾವಲುಗಾರನೇ ತೋರಿಸಿದ. ಎರಡು ಬೀದಿ ದಾಟಿ, ಬೀದಿಗೇ ಬಾಗಿಲಿರುವ ಒಂದು ಕೋಣೆ. ಆಕೆ ಬಟ್ಟೆ ಇಸ್ತ್ರಿ ಮಾಡಿಕೊಡುವವರು. ಮೇಜಿನ ಎರಡೂ ಕಡೆ ಬೇರೆಯವರ ಮನೆಯ ಅಂಗಿಗಳು ಮಡಿಸಿ ಕೂತಿದ್ದವು. ನಾನು ಯಾರೆಂದು ಹೇಳಿದೆ. ಆಕೆಯ ಕೈ ನಿಲ್ಲಲಿಲ್ಲ.

"ಫೋನ್ ಹಿಡ್ಕೊಂಡು ಮೇಲೇ ನಿಂತಿದ್ದನಂತೆ. ಕಟ್ಟಡದವರೆಲ್ಲ ನೋಡಿದ್ದಾರೆ. ಒಳಗೆ ನನ್ನ ಗಂಡ ಸಾಯ್ತಿದ್ರೆ ಇವನು ಯಾರ ಜೊತೆಗೋ ಮಾತಾಡ್ತಾ ನಿಂತಿದ್ದನಂತೆ."

"ನನ್ನ ಜೊತೆ ಮಾತಾಡ್ತಿದ್ರು. ಇಳೀತೀನಿ ಅಂತ ಎಷ್ಟು ಸಲ ಹೊರಟ್ರೋ. ಹಿಡಿದು ನಿಲ್ಲಿಸಿದ್ದು ನಾನು."

"ಅವನೇ ಕಳ್ಸಿದ್ನಾ ನಿಮ್ಮನ್ನ?"

"ಇಲ್ಲ. ಅವರು ಎಲ್ಲಿದ್ದಾರೆ ಅಂತಾನೂ ನನಗೆ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ. ಹನ್ನೊಂದನೇ ದಿನವೇ ಮನೆ ಬಿಟ್ಟು ಹೋದ. ಹೋಗಲಿ ಬಿಡಿ." ಒಂದು ಅಂಗಿಯ ತೋಳನ್ನು ತಿರುವಿ ಹಾಕಿದರು. "ನಾನೇ ಸಾಕಿದ್ದು ಅವನನ್ನ. ಅಮ್ಮ ಹೋದಾಗ ಇಷ್ಟಿದ್ದ. ಕೆಲಸ ಕಲಿಸಿದ್ದು ಇವರು."

ಸುಮ್ಮನೆ ಎದ್ದುಬರಬಹುದಿತ್ತು. ಹೇಳಿಬಿಟ್ಟೆ.

"ನಿಮ್ಮ ಯಜಮಾನರೂ ಅವರಿಗೆ ಬರಬೇಡ ಅಂದ್ರು ಅನ್ಸುತ್ತೆ."

ಇಸ್ತ್ರಿಪೆಟ್ಟಿಗೆ ನಿಂತಿತು. ಆಕೆ ಅದನ್ನು ಎತ್ತಿ ನೆಟ್ಟಗೆ ನಿಲ್ಲಿಸಿ, ಮೊದಲ ಸಲ ನನ್ನ ಮುಖ ನೋಡಿದರು.

"ಅನ್ಸುತ್ತೆ ಅಂದ್ರೇನು? ಕೇಳಿಸ್ತಾ, ಇಲ್ವಾ?"

"ಕೇಳಿಸ್ತು. ಆದ್ರೆ ಒಂದೇ ಸಲ. ನಿಮ್ಮ ತಮ್ಮನಿಗೆ ಕೇಳಿಸಿಲ್ಲ, ಅವರು ಕೂಗ್ತಾ ಇದ್ರು."

"ಸತ್ತವರ ಬಾಯಿಗೆ ಮಾತು ತುರುಕೋಕೆ ಬಂದ್ರಾ?" ದನಿ ಏರಿತು. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರು ತಿರುಗಿ ನೋಡಿದರು. ನಾನು ತಲೆ ತಗ್ಗಿಸಿ ಹೊಸಿಲು ದಾಟಿದೆ. ಹಿಂದಿನಿಂದ ಆಕೆ ಕರೆದರು. "ರೀ. ಆ ಫೋನಲ್ಲಿ ಆಡಿದ್ದು ಎಲ್ಲಾದ್ರೂ ಇಟ್ಟಿರ್ತಾರಾ?"

"ಇಟ್ಟಿರ್ತಾರೆ."

"ಹಾಗಿದ್ರೆ ನನಗೆ ಕೇಳಿಸಿ."

ಇಷ್ಟೇ, ಮಾನ್ಯರೇ. ಇಷ್ಟು ಸಣ್ಣ ಬೇಡಿಕೆ. ಇದಕ್ಕೆ ತಮ್ಮ ಕಚೇರಿ ನಡೆದುಕೊಂಡ ರೀತಿಯನ್ನು ಓದುಗರೂ ಸ್ವಲ್ಪ ಕೇಳಲಿ.

ಆಕೆ ಅರ್ಜಿ ಕೊಟ್ಟರು. ಉತ್ತರ ಬಂತು: ಕರೆ ಮಾಡಿದವರು ತಾವಲ್ಲ, ಮಾಡಿದವರ ಖಾಸಗಿತನವನ್ನು ಕಾಪಾಡುವುದು ಇಲಾಖೆಯ ಕರ್ತವ್ಯ, ಆದ್ದರಿಂದ ಸಾಧ್ಯವಿಲ್ಲ. ಅದೇ ವಾರ ನನಗೊಂದು ನೋಟಿಸು: ಮುಕ್ತಾಯಗೊಂಡ ಕರೆಗೆ ಸಂಬಂಧಿಸಿದವರ ಮನೆಗೆ ಹೋಗಿ ಶಿಸ್ತು ಉಲ್ಲಂಘಿಸಿದ್ದೇಕೆ? ಬರುತ್ತೇನೆಂದು ಕರೆಯಲ್ಲೇ ಮಾತು ಕೊಟ್ಟಿದ್ದೆ, ಬೇಕಾದರೆ ಧ್ವನಿಮುದ್ರಣ ಕೇಳಿ ನೋಡಿ ಎಂದು ಬರೆದೆ. ತಾವು ಕೇಳಲಿಲ್ಲ. ಬದಲಿಗೆ ನನ್ನನ್ನು ಬೀದಿದೀಪದ ದೂರು ವಿಭಾಗಕ್ಕೆ ವರ್ಗ ಮಾಡಿದಿರಿ. ಅಲ್ಲಿ ಹಗಲು ದೀಪ ಉರಿಯುತ್ತಿದೆ ಎಂದು ಕೆಲವರು, ಸಂಜೆ ಉರಿಯುತ್ತಿಲ್ಲ ಎಂದು ಕೆಲವರು ಫೋನ್ ಮಾಡುತ್ತಾರೆ. ಒಂದು ಸುಖವೆಂದರೆ ಇಲ್ಲಿ ಪ್ರತಿ ಕಥೆಗೂ ಕೊನೆಯಿದೆ. ದೀಪ ಹತ್ತದಿದ್ದರೆ ಅದೇ ಮನುಷ್ಯ ಮತ್ತೆ ಫೋನ್ ಮಾಡಿ ನನ್ನ ವಂಶವನ್ನೆಲ್ಲ ಬೈಯುತ್ತಾನೆ. ಜೀವ ಹೋದದ್ದು ಗೊತ್ತಾಗಬಾರದು, ಬಲ್ಬು ಹೋದದ್ದು ಮಾತ್ರ ತಪ್ಪದೆ ಗೊತ್ತಾಗಬೇಕು ಎಂಬ ತಮ್ಮ ಆಡಳಿತದ ಮರ್ಮ ನನಗೆ ಈಗಷ್ಟೇ ಅರ್ಥವಾಗುತ್ತಿದೆ.

ಕರೆ ಮಾಡಿದವನೇ ಬೇಕೆಂದಿರಲ್ಲ, ಅವನನ್ನು ಹುಡುಕಿದೆ. ಕಾವಲುಗಾರ ವಿಚಾರಿಸಿ ಹೇಳಿದ. ಊರಿನ ಇನ್ನೊಂದು ತುದಿಯಲ್ಲಿ ಲಾರಿ ತೊಳೆಯುವ ಕಡೆ ಸೇರಿಕೊಂಡಿದ್ದ. ಟ್ಯಾಂಕ್ ಕೆಲಸಕ್ಕೆ ಮತ್ತೆ ಹೋಗಿಲ್ಲವಂತೆ. ಬಚ್ಚಲಿಗೆ ಹೋದರೂ ಬಾಗಿಲು ಹಾಕಿಕೊಳ್ಳುವುದಿಲ್ಲವೆಂದು ಅಲ್ಲಿಯವರು ನಗುತ್ತಿದ್ದರು. ನಾನು ಅವನ ಬೆನ್ನ ಹಿಂದೆ ನಿಂತು, "ಸ್ವಲ್ಪ ಮಾತಾಡಬೇಕಿತ್ತು" ಎಂದೆ. ಅವನು ತಿರುಗಲೇ ಇಲ್ಲ. ಕೈಯಲ್ಲಿದ್ದ ಪೈಪಿನಿಂದ ನೀರು ಅವನ ಕಾಲ ಮೇಲೇ ಸುರಿಯುತ್ತಿತ್ತು.

"ಇಳೀಬೇಡಿ ಅಂದೋರು" ಎಂದ.

"ಹೌದು."

"ಈ ದನಿ ದಿನಾ ಕೇಳುತ್ತೆ ನನಗೆ." ಪೈಪು ಕೆಳಗಿಟ್ಟು ತಿರುಗಿದ. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವನು, ಸಣಕಲು ಮೈ, ಗಡ್ಡ ಬಿಟ್ಟಿದ್ದ. ಹೊಡೆದರೂ ಹೊಡೆಯಲಿ ಎಂದು ನಿಂತಿದ್ದೆ. "ಟೀ ಕುಡೀತೀರಾ?" ಎಂದ.

ಟೀ ಕುಡಿಯುತ್ತಾ ಅವನು ಹೇಳಿದ್ದು ಇಷ್ಟು. ಸಾಕು ಮೇಡಂ ಎಂದವನು ಏಣಿಯ ಮೇಲೆ ಕಾಲಿಟ್ಟ. ಬಗ್ಗುವಾಗ ಫೋನು ಕೈಜಾರಿ ಒಳಗೆ ಬಿತ್ತು. ಆ ವಾಸನೆ ಮುಖಕ್ಕೆ ರಾಚಿ ಕಣ್ಣು ಕತ್ತಲಿಟ್ಟಿತು. ಹೇಗೋ ಅಂಚು ಹಿಡಿದು ಮೇಲೆ ಬಂದ. ಮತ್ತೆ ಇಳಿಯಲು ಕಾಲು ಏಳಲಿಲ್ಲ. ಭಾವನ ದನಿ ಬಂತೇ ಎಂದು ಕೇಳಿದೆ. "ನನಗೆ ನನ್ನ ಕೂಗು ಬಿಟ್ರೆ ಏನೂ ಕೇಳಿಸ್ಲಿಲ್ಲ" ಎಂದ. ಸುಳ್ಳು ಹೇಳಬಹುದಿತ್ತು. ಅವನಿಗೆ ಅದರಿಂದ ಒಳ್ಳೆಯದೇ ಆಗುತ್ತಿತ್ತು. ಹೇಳಲಿಲ್ಲ.

ಅವನು ಅರ್ಜಿ ಕೊಟ್ಟ. ತಮ್ಮ ಎರಡನೆಯ ಉತ್ತರ: ಸದರಿ ಕರೆಯಲ್ಲಿ ಅರ್ಜಿದಾರರ ಹೊರತಾಗಿ ಬೇರೆ ವ್ಯಕ್ತಿಯ ಧ್ವನಿಯೂ ಇರುವುದರಿಂದ ಸಂಬಂಧಪಟ್ಟವರ ಒಪ್ಪಿಗೆ ಅಗತ್ಯ. ಮಾನ್ಯರೇ, ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೆಂದು ತಮಗೆ ಹೇಗೆ ಹೇಳಲಿ? ಬೇರೆ ವ್ಯಕ್ತಿ ಎಂದರೆ ಯಾರು? ನಾನೇ? ನಾನಾದರೆ ನನ್ನ ಒಪ್ಪಿಗೆ ಇದೆ, ಬೇಕಾದರೆ ತಮ್ಮ ಬಾಗಿಲ ಮೇಲೆ ಬರೆದು ಅಂಟಿಸುತ್ತೇನೆ. ನಾನಲ್ಲದಿದ್ದರೆ? ಅದನ್ನು ಬರೆದ ಗುಮಾಸ್ತರು ಧ್ವನಿಮುದ್ರಣ ಕೇಳಿ ಬರೆದರೇ, ಎಲ್ಲ ಅರ್ಜಿಗೂ ಬರೆಯುವ ಸಾಲನ್ನೇ ಇದಕ್ಕೂ ಬರೆದರೇ? ಒಂದು ಫೋನ್ ಮಾಡಿ ಹೇಳಿಬಿಡಲು ತಮಗೆ ಎಷ್ಟು ಹೊತ್ತು ಬೇಕಿತ್ತು?

ಸಂಬಂಧಪಟ್ಟವರ ಒಪ್ಪಿಗೆ ಎಂದರೆ ಅಕ್ಕ ತಮ್ಮ ಇಬ್ಬರೂ ಖುದ್ದಾಗಿ ಬಂದು ಸಹಿ ಹಾಕಬೇಕು ಎಂದರು ತಮ್ಮ ಕಚೇರಿಯವರು. ಬೇರೆ ಬೇರೆಯಾಗಿ ಬಂದರೆ ಆಗದೇ? ಆಗದು. ಆಕೆ ಮೊದಲು ಒಪ್ಪಲಿಲ್ಲ. "ಅವನ ಮುಖ ನೋಡಲ್ಲ ಅಂದಿದ್ದೀನಿ" ಎಂದರು. ಆಮೇಲೆ ಗಂಡನ ದನಿಯ ಆಸೆ ಗೆದ್ದಿತು. ಹೀಗೆ ತಮ್ಮ ಕೋಣೆಯ ಹೊರಗಿನ ಬೆಂಚಿನ ಆ ತುದಿಗೆ ಅಕ್ಕ, ಈ ತುದಿಗೆ ತಮ್ಮ, ನಡುವೆ ನಾನು, ಗೋಡೆ ಕಟ್ಟಿದಂತೆ. ಸಾಹೇಬರು ಊಟಕ್ಕೆ ಹೋಗಿದ್ದಾರೆ ಎಂದರು. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ತಲೆಯ ಮೇಲೆ ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು. ಕಾದು ಕಾದು ಸಾಕಾಗಿ, ಕೊನೆಗೆ ಅವನೇ ನೆಲ ನೋಡಿಕೊಂಡು ಹೇಳಿದ:

"ಇವರು ತಡೆದ್ರು ಅಂತ ಅಷ್ಟೇ ಅಲ್ಲಕ್ಕ. ನನಗೆ ಭಯ ಆಯ್ತು."

ಆಕೆ ಕೈಯಲ್ಲಿದ್ದ ಅರ್ಜಿಯನ್ನು ಮಡಿಸಿದರು.

"ಒಂದು ಕಾಲು ಇಟ್ಟೆ. ಕಣ್ಣು ಕತ್ತಲೆ ಬಂತು. ಆಮೇಲೆ ಆಗ್ಲೇ ಇಲ್ಲ."

"ಕಾಲು ಇಟ್ಟಿದ್ಯಾ?" ಆಕೆ ತಿರುಗಿದರು. "ಏಣಿ ಮೇಲೆ ಕಾಲು ಇಟ್ಟಿದ್ಯಾ? ಅದನ್ನ ಯಾಕೋ ಹೇಳ್ಲಿಲ್ಲ?"

"ಇಳಿದಿದ್ರೆ ಹೇಳ್ತಿದ್ದೆ. ಇಳೀಲಿಲ್ವಲ್ಲ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. "ನೀವು ಸ್ವಲ್ಪ ಎದ್ದು ಆ ಕಡೆ ಕೂತ್ಕೋತೀರಾ?" ಎಂದರು ನನಗೆ. ನಾನು ಎದ್ದೆ. ಆಕೆ ಅವನ ಪಕ್ಕಕ್ಕೆ ಸರಿದು ಕೂತರು. ಅಷ್ಟೇ. ತಬ್ಬಿಕೊಳ್ಳಲಿಲ್ಲ, ಅಳಲಿಲ್ಲ. "ಎಷ್ಟು ಇಳಿದುಹೋಗಿದ್ದೀಯ" ಎಂದು ಬೈಯುವವರ ಹಾಗೆ ಒಂದು ಮಾತು. ಇದಕ್ಕಾಗಿ ತಮಗೆ ಕೃತಜ್ಞತೆ ಹೇಳಲೇಬೇಕು. ತಾವು ಅಷ್ಟು ಹೊತ್ತು ಕಾಯಿಸದೇ ಹೋಗಿದ್ದರೆ ಅವರಿಬ್ಬರೂ ಸಹಿ ಹಾಕಿ ಬೇರೆ ಬೇರೆ ದಾರಿ ಹಿಡಿದು ಹೋಗಿಬಿಡುತ್ತಿದ್ದರು. ತಮ್ಮ ಕಚೇರಿಯಿಂದ ಜನರಿಗೆ ಆದ ಉಪಕಾರಗಳಲ್ಲಿ ನಾನು ಕಣ್ಣಾರೆ ಕಂಡದ್ದು ಇದೊಂದು. ಅದೂ ತಾವು ಕೋಣೆಯಲ್ಲಿ ಇಲ್ಲದಾಗ.

ಇಬ್ಬರೂ ಸಹಿ ಹಾಕಿ ಬಂದರು. ಮೂರನೆಯ ಉತ್ತರ ಹೋದ ವಾರ ಬಂತು. ಸದರಿ ಕರೆಗೆ ಸಂಬಂಧಿಸಿದಂತೆ ನೌಕರರೊಬ್ಬರ ವಿರುದ್ಧ ವಿಚಾರಣೆ ಬಾಕಿ ಇರುವುದರಿಂದ ಧ್ವನಿಮುದ್ರಣ ನೀಡಲಾಗದು. ಆ ನೌಕರರು ನಾನೇ. ನನ್ನ ವಿಚಾರಣೆ ಯಾವಾಗ ಎಂದು ಕೇಳಿದೆ. ಮುಂದಿನ ತಿಂಗಳು. ಧ್ವನಿಮುದ್ರಣ ಅಳಿಸುವುದು ಯಾವಾಗ? ಈ ತಿಂಗಳ ಕೊನೆಗೆ. ಅಂದರೆ ಯಾವ ಕರೆಗಾಗಿ ನನ್ನನ್ನು ವಿಚಾರಿಸುತ್ತೀರೋ, ವಿಚಾರಿಸುವ ದಿನ ಆ ಕರೆಯೇ ಇರುವುದಿಲ್ಲ. ಇಷ್ಟು ಅಚ್ಚುಕಟ್ಟಾಗಿ ದಿನ ಹೊಂದಿಸಿದವರು ಯಾರು ಮಾನ್ಯರೇ? ಅವರನ್ನು ದಯವಿಟ್ಟು ಗಾಡಿ ಕಳಿಸುವ ವಿಭಾಗಕ್ಕೆ ಹಾಕಿ. ಗಾಡಿಗಳಾದರೂ ಹೊತ್ತಿಗೆ ಸರಿಯಾಗಿ ಮುಟ್ಟಿಯಾವು.

ಆ ಕರೆಯಲ್ಲಿ "ಎಲ್ಲಿ ನಿಮ್ಮ ಗಾಡಿ" ಎಂದು ಅವನು ಮತ್ತೆ ಮತ್ತೆ ಕೇಳುವುದು ದಾಖಲಾಗಿದೆ. ಬರ್ತಿದೆ ಎಂದು ನಾನು ಮತ್ತೆ ಮತ್ತೆ ಹೇಳುವುದೂ ದಾಖಲಾಗಿದೆ. ಅಗೆದ ರಸ್ತೆಯ ವಿಷಯ ಹೊರಗೆ ಬಂದೀತೆಂಬ ಅಳುಕು ತಮ್ಮದೇ? ಹಾಗಿದ್ದರೆ ಕೇಳಿ: ಆ ಅಕ್ಕ ತಮ್ಮ ಯಾರ ಮೇಲೂ ದಾವೆ ಹೂಡಲು ಹೊರಟವರಲ್ಲ. ಆದರೆ ನಾನು ಸುಮ್ಮನಿರುವುದಿಲ್ಲ. ರಸ್ತೆ ಅಗೆಯುವವರು ಬೆಳಿಗ್ಗೆ ನಮ್ಮ ಕೋಣೆಗೆ ಒಂದು ಮಾತು ತಿಳಿಸಿದ್ದರೆ ಗಾಡಿ ಬೇರೆ ದಾರಿ ಹಿಡಿಯುತ್ತಿತ್ತು. ಇದನ್ನು ನಾನು ಕಂಡುಕೊಂಡದ್ದು 'ಮುಕ್ತಾಯ'ವಾದ ಕರೆಯ ಹಿಂದೆ ಹೋಗಿ ಕೇಳಿದ್ದಕ್ಕೆ. ಆಮೇಲೆ ಏನಾಯಿತೆಂದು ಕೇಳಬಾರದು ಎನ್ನುವ ಕಚೇರಿ, ಮುಂದಿನ ಸಲ ಏನು ಮಾಡಬೇಕೆಂದು ಎಲ್ಲಿಂದ ಕಲಿಯುತ್ತದೆ? ನನ್ನ ಹಳೆಯ ಕೋಣೆಯಲ್ಲಿ ಈಗಲೂ ಯಾರೋ ಒಬ್ಬಳು ಯಾರಿಗೋ ಇಳೀಬೇಡಿ ಎನ್ನುತ್ತಿರುತ್ತಾಳೆ. ತಾನು ಹೇಳಿದ್ದು ಸರಿಯೋ ಅಲ್ಲವೋ ಎಂದು ಗೊತ್ತಾಗದೆ ಮನೆಗೆ ಹೋಗಿ, ತಟ್ಟೆಯ ಮುಂದೆ ಕೂತಿರುತ್ತಾಳೆ. ಅವಳಿಗೆ ಹೇಳಿ. ಬದುಕಿದರೆ ಬದುಕಿದರೆಂದು, ಸತ್ತರೆ ಸತ್ತರೆಂದು ಹೇಳಿ. ತಡೆದುಕೊಳ್ಳುವ ಶಕ್ತಿ ಇಲ್ಲದವರು ಆ ಕುರ್ಚಿಯಲ್ಲಿ ಒಂದು ದಿನವೂ ಕೂರುವುದಿಲ್ಲ.

ಮೊನ್ನೆ ಆಕೆಯನ್ನು ಕಂಡು, ಒಂದು ವೇಳೆ ನಾನು ಕೇಳಿದ್ದು ಸುಳ್ಳಾಗಿದ್ದರೆ, ಆ ಮುದ್ರಣದಲ್ಲಿ ಅವರ ದನಿಯೇ ಇಲ್ಲದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಈ ಪ್ರಶ್ನೆ ನನ್ನನ್ನು ದಿನವೂ ಕೊರೆಯುತ್ತಿದೆ. ಆಕೆಯ ತಮ್ಮ ಒಳಗೆ ನೀರು ಕಾಯಿಸುತ್ತಿದ್ದ. ವಾಪಸ್ಸು ಬಂದಿದ್ದಾನೆ, ಸದ್ಯಕ್ಕೆ ಬಾಗಿಲ ಪಕ್ಕದಲ್ಲೇ ಮಲಗುತ್ತಾನಂತೆ. ಆಕೆ ಒಂದು ಅಂಗಿಯ ಕಾಲರು ಸರಿಮಾಡುತ್ತಾ ಹೇಳಿದರು:

"ಇಲ್ಲದಿದ್ರೆ ಇಲ್ಲ ಅಂತಾದ್ರೂ ಗೊತ್ತಾಗ್ಲಿ. ಇವನು ಅವರನ್ನ ಕೂಗಿದ್ದು ಇರುತ್ತಲ್ಲ, ಅದನ್ನ ಕೇಳ್ತೀನಿ. ಅವರು ಒಬ್ಬರೇ ಇರ್ಲಿಲ್ಲ ಅಂತ ಗೊತ್ತಾದ್ರೆ ಸಾಕು."

ಮಾನ್ಯರೇ, ಅಳಿಸಬೇಡಿ. ಈ ತಿಂಗಳು ಮುಗಿಯುವುದರೊಳಗೆ ಒಂದು ಮಧ್ಯಾಹ್ನ ಆ ಇಬ್ಬರನ್ನೂ ಒಳಗೆ ಕರೆಯಿರಿ. ಹೊರಗಿನ ಬೆಂಚಿನಲ್ಲಲ್ಲ, ತಮ್ಮ ಎದುರಿನ ಕುರ್ಚಿಯಲ್ಲಿ ಕೂರಿಸಿ, ಬಾಗಿಲು ಮಾತ್ರ ತೆರೆದಿಡಿ. ಅವನಿಗೆ ಮುಚ್ಚಿದ ಕೋಣೆ ಆಗುವುದಿಲ್ಲ. ಆ ಕರೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಸಿ. ತಾವೂ ಜೊತೆಗೇ ಕೂತು ಕೇಳಿ. ನನ್ನನ್ನು ಕರೆಯಬೇಕಾಗಿಲ್ಲ. ಕರೆದರೆ ಬೇಡವೆನ್ನುವುದಿಲ್ಲ.

ಇಂತಿ,
ವಿಚಾರಣೆ ಬಾಕಿ ಇರುವ, ಸದ್ಯ ತಮ್ಮ ಬೀದಿಯ ದೀಪ ಕೆಟ್ಟರೆ ಫೋನ್ ಎತ್ತುವ,
ತನ್ನ ಕಿವಿಯನ್ನು ತಾನೇ ನಂಬಲಾರದೆ ಕೂತ ಒಬ್ಬ ಉದ್ಯೋಗಿ